ಯೆದನ್ಯನ ಪತ್ರವಿಲ್ಲದೆ ಯೆಹೂದಿ ಧರ್ಮದ ಕಥೆ ಪೂರ್ತಿಯಾಗದು

ಯೆಹೂದಿ ಧರ್ಮ ಹುಟ್ಟಿದ್ದು ಹೇಗೆ ಅಂತ ಕೇಳಿದರೆ ಹೆಚ್ಚಿನವರು ಅಬ್ರಹಾಮನಿಂದ ಶುರುಮಾಡುತ್ತಾರೆ. ಆಮೇಲೆ ಮೋಶೆ, ಸೀನಾಯಿ ಬೆಟ್ಟ, ದಾವೀದ, ಸೊಲೊಮೋನನ ದೇವಾಲಯ. ನಂಬುವವರಿಗೆ ಅದು ಪವಿತ್ರ ಕಥೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಇತಿಹಾಸ ಹೇಳುವಾಗಲೂ ಇದನ್ನೇ ಸಾಲಾಗಿ ಒಪ್ಪಿಸಿ ಮುಗಿಸುತ್ತೇವಲ್ಲ, ಅದು ನನಗೆ ಸರಿಕಾಣುವುದಿಲ್ಲ. ಆ ಸಾಲಿನಲ್ಲಿ ಜಾಗವೇ ಸಿಗದ ಯೆಹೂದಿಗಳೂ ಇದ್ದರು. ಯೆದನ್ಯ ಅಂಥವರಲ್ಲೊಬ್ಬ.

ಈಜಿಪ್ಟಿನ ದಕ್ಷಿಣದಲ್ಲಿ, ಈಗಿನ ಅಸ್ವಾನ್ ಊರಿನ ಎದುರಿಗೆ, ನೈಲ್ ನದಿಯ ನಡುವೆ ಎಲಿಫೆಂಟೈನ್ ಅನ್ನುವ ದ್ವೀಪವಿದೆ. ಕ್ರಿ.ಪೂ. 5ನೇ ಶತಮಾನದಲ್ಲಿ ಪರ್ಷಿಯಾ ದೊರೆಯ ಸೈನ್ಯದಲ್ಲಿದ್ದ ಯೆಹೂದಿ ಸಿಪಾಯಿಗಳು ಹೆಂಡತಿ ಮಕ್ಕಳ ಸಮೇತ ಅಲ್ಲಿದ್ದರು. ಅವರು ಅರಾಮಿಕ್ ಭಾಷೆಯಲ್ಲಿ ಪಪೈರಸ್ ಮೇಲೆ ಬರೆದ ಕಾಗದಗಳು ಸುಮಾರು ನೂರಿಪ್ಪತ್ತು ವರ್ಷಗಳ ಹಿಂದೆ ಬೆಳಕಿಗೆ ಬಂದವು. ಮನೆ ಮಾರಾಟ, ಮದುವೆ ಕರಾರು, ಸಾಲ, ಕೋರ್ಟಿನ ಜಗಳ. ಕ್ರಿ.ಪೂ. 449ರ ಒಂದು ಕರಾರಿನಲ್ಲಿ ದೇವಾಲಯದ ಸೇವಕ ಅನನ್ಯ ಎಂಬಾತ ತಾಮೆತ್ ಎಂಬ ಈಜಿಪ್ಟಿನ ದಾಸಿಯನ್ನು ಮದುವೆಯಾಗುತ್ತಾನೆ. ಗಂಡ ಬೇಡವಾದರೆ ತಾಮೆತ್ ತಾನೇ ಎದ್ದು ನಿಂತು ಹಾಗೆಂದು ಹೇಳಿ ಬಿಟ್ಟುಹೋಗಬಹುದು ಅಂತ ಅದರಲ್ಲೇ ಬರೆದಿದೆ. ಎರಡೂವರೆ ಸಾವಿರ ವರ್ಷದ ಹಿಂದೆ!

ನಾನು ಮತ್ತೆ ಮತ್ತೆ ಓದುವುದು ಕ್ರಿ.ಪೂ. 407ರ ಒಂದು ಪತ್ರವನ್ನು. ಬರೆದವರು ಆ ದ್ವೀಪದ ಯೆಹೂದಿಗಳ ಮುಖಂಡ ಯೆದನ್ಯ ಮತ್ತು ಅವನ ಜೊತೆಯ ಪುರೋಹಿತರು. ಬರೆದದ್ದು ಯೆರೂಸಲೇಮ್ ಇದ್ದ ಯೆಹೂದ ಪ್ರಾಂತ್ಯದ ರಾಜ್ಯಪಾಲ ಬಗವಹ್ಯನಿಗೆ. ದ್ವೀಪದಲ್ಲಿ ಅವರ ದೇವರು ಯಾಹುವಿಗೆ (ಯೆಹೋವನ ಹೆಸರಿನ ಇನ್ನೊಂದು ರೂಪ) ಒಂದು ದೇವಾಲಯವಿತ್ತು. ಮೂರು ವರ್ಷದ ಹಿಂದೆ, ಅಂದರೆ 410ರಲ್ಲಿ, ಪಕ್ಕದ ಖ್ನೂಮ್ ದೇವರ ಪುರೋಹಿತರು ಅಲ್ಲಿನ ಅಧಿಕಾರಿ ವಿದ್ರಂಗನನ್ನು ಸೇರಿಸಿಕೊಂಡು ಅದನ್ನು ಕೆಡವಿಸಿಬಿಟ್ಟರು. ಕಲ್ಲಿನ ಕಂಬಗಳು ಹೋದವು, ಐದು ಕಲ್ಲಿನ ಹೆಬ್ಬಾಗಿಲುಗಳು ಹೋದವು, ದೇವದಾರು ಮರದ ಚಾವಣಿ ಬೆಂಕಿಗೆ ಹೋಯಿತು, ಚಿನ್ನ ಬೆಳ್ಳಿಯ ಬಟ್ಟಲುಗಳನ್ನು ಹೊತ್ತೊಯ್ದರು. ಅಂದಿನಿಂದ ನಾವು ಗೋಣಿತಟ್ಟು ಉಟ್ಟು ಉಪವಾಸವಿದ್ದೇವೆ, ಮೈಗೆ ಎಣ್ಣೆ ಹಚ್ಚಿಲ್ಲ, ದ್ರಾಕ್ಷಾರಸ ಮುಟ್ಟಿಲ್ಲ, ನಮ್ಮ ಹೆಂಡತಿಯರು ವಿಧವೆಯರಂತಿದ್ದಾರೆ ಎನ್ನುತ್ತಾರೆ. ಮತ್ತೆ ಕಟ್ಟಲು ನೆರವಾಗಿ ಎಂದು ಬೇಡಿಕೊಳ್ಳುತ್ತಾರೆ. ಯೆರೂಸಲೇಮಿನ ಮಹಾಯಾಜಕನಿಗೆ ಮೊದಲೇ ಬರೆದಿದ್ದರಂತೆ. ಅಲ್ಲಿಂದ ಉತ್ತರವೇ ಬಂದಿರಲಿಲ್ಲ.

ಗಮನಿಸಿ. ಬಲಿ ಕೊಡುವುದು ಒಂದೇ ಜಾಗದಲ್ಲಿ, ಬೇರೆಲ್ಲೂ ಕೂಡದು ಅನ್ನುತ್ತದೆ ಯೆಹೂದಿಗಳ ಧರ್ಮಶಾಸ್ತ್ರವಾದ ತೋರಾದ ಐದನೇ ಪುಸ್ತಕ ಧರ್ಮೋಪದೇಶಕಾಂಡ. ಇವರಿಗೆ ಆ ಮಾತಿನ ಅಳುಕೇ ಇದ್ದಂತಿಲ್ಲ. ತಪ್ಪು ಮಾಡಿದ್ದೇವೆ ಅನ್ನುವ ಧ್ವನಿ ಪತ್ರದಲ್ಲಿ ಎಲ್ಲೂ ಇಲ್ಲ. ದ್ವೀಪದ ಕಾಗದಗಳಲ್ಲಿ ಅಬ್ರಹಾಮನ ಹೆಸರಿಲ್ಲ, ಮೋಶೆಯ ಹೆಸರಿಲ್ಲ, ತೋರಾದ ಒಂದು ಸಾಲೂ ಇಲ್ಲ. ಕಾಣಿಕೆ ಪಟ್ಟಿಯೊಂದರಲ್ಲಿ ಯಾಹುವಿನ ಜೊತೆಗೆ ಅನಾತ್‌ಬೇತೆಲ್, ಎಶೆಮ್‌ಬೇತೆಲ್ ಎಂಬ ಇನ್ನೆರಡು ದೈವಗಳ ಪಾಲೂ ಇದೆ. ಆದರೂ ಅವರು ತಮ್ಮನ್ನು ಕರೆದುಕೊಂಡದ್ದು ಯೆಹೂದಿಗಳು ಅಂತಲೇ.

ಇವರನ್ನು ದಾರಿ ತಪ್ಪಿದ ಯೆಹೂದಿಗಳು ಅಂತ ತಳ್ಳಿಹಾಕುವವರಿದ್ದಾರೆ. ನಾನು ಒಪ್ಪುವುದಿಲ್ಲ. ದಾರಿ ತಪ್ಪಬೇಕಾದರೆ ಮೊದಲು ದಾರಿ ಇರಬೇಕು ಅಲ್ವಾ? ಆಗಿನ್ನೂ ಆ ದಾರಿ ಪೂರ್ತಿ ಆಗಿರಲಿಲ್ಲ. ಸೀನಾಯಿ ಮರುಭೂಮಿಯ ಕುಂತಿಲ್ಲತ್ ಅಜ್ರೂದ್‌ನಲ್ಲಿ ಸಿಕ್ಕ, ಕ್ರಿ.ಪೂ. 800ರ ಸುಮಾರಿನ ಜಾಡಿಗಳ ಮೇಲೆ ಯೆಹೋವನ ಜೊತೆ ಅಶೇರ ಎಂಬ ದೇವಿಯ ಹೆಸರಿಟ್ಟು ಹರಸಿದ ಬರಹವಿದೆ. ಅಂದರೆ ದ್ವೀಪದವರು ಹೊಸದಾಗಿ ಏನನ್ನೋ ಕೆಡಿಸಿದವರಲ್ಲ. ಹಳೆಯ ರೂಢಿಯನ್ನು ಜಾಸ್ತಿ ದಿನ ಉಳಿಸಿಕೊಂಡವರು ಅಂತಲೇ ನನಗೆ ಅನ್ನಿಸುತ್ತದೆ.

ಬದಲಾದದ್ದು ಯೆರೂಸಲೇಮ್ ಮತ್ತು ಬ್ಯಾಬಿಲೋನ್ ಕಡೆಯವರು. ಕ್ರಿ.ಪೂ. 622ರ ಸುಮಾರಿಗೆ ಯೆಹೂದದ ದೊರೆ ಯೋಷೀಯ ಊರೂರಿನ ಪೂಜಾಸ್ಥಳಗಳನ್ನು ಕೆಡವಿಸಿದ ಎಂದು ಬೈಬಲ್ಲೇ ಹೇಳುತ್ತದೆ. 586ರಲ್ಲಿ ಬ್ಯಾಬಿಲೋನಿನ ನೆಬೂಕದ್ನೆಚ್ಚರ ಯೆರೂಸಲೇಮಿನ ದೇವಾಲಯವನ್ನು ಸುಟ್ಟ, ಮುಖ್ಯರನ್ನೆಲ್ಲ ಸೆರೆ ಒಯ್ದ. ರಾಜನಿಲ್ಲ, ಗುಡಿಯಿಲ್ಲ, ಸ್ವಂತ ನೆಲವಿಲ್ಲ. ಆಗ ಅವರ ಕೈಗೆ ಉಳಿದದ್ದು ಹಳೆಯ ಕಥೆ, ಕಟ್ಟಳೆ, ವಾರಕ್ಕೊಮ್ಮೆಯ ವಿಶ್ರಾಂತಿಯ ಸಬ್ಬತ್ ದಿನ. ಅವನ್ನೇ ಬರೆದು, ತಿದ್ದಿ, ಜೋಡಿಸಿಕೊಂಡರು. 539ರಲ್ಲಿ ಪರ್ಷಿಯಾದ ಸೈರಸ್ ಬ್ಯಾಬಿಲೋನ್ ಗೆದ್ದ ಮೇಲೆ ಕೆಲವರು ಊರಿಗೆ ವಾಪಸ್ಸಾದರು. ಆಮೇಲೆ ಯಾಜಕ ಎಜ್ರ ಜನರೆದುರು ನಿಂತು ಧರ್ಮಶಾಸ್ತ್ರವನ್ನು ಗಟ್ಟಿಯಾಗಿ ಓದಿದ ಪ್ರಸಂಗ ನೆಹೆಮೀಯನ ಪುಸ್ತಕದಲ್ಲಿದೆ. ಹುಟ್ಟು ಅಂತ ಒಂದನ್ನು ತೋರಿಸಲೇಬೇಕಾದರೆ ನಾನು ಸೀನಾಯಿ ಬೆಟ್ಟಕ್ಕಿಂತ ಈ ಕಾಲವನ್ನೇ ತೋರಿಸುತ್ತೇನೆ. ಕ್ರಿ.ಶ. 70ರಲ್ಲಿ ರೋಮನ್ನರು ಎರಡನೇ ದೇವಾಲಯವನ್ನೂ ಕೆಡವಿದಾಗ ಧರ್ಮ ಅಳಿಯದೆ ಉಳಿದದ್ದು ಗ್ರಂಥ ಆಗಲೇ ಕೈಯಲ್ಲಿತ್ತು ಅನ್ನುವುದರಿಂದ.

ಇಂಥ ಕಾಗದಗಳ ಭಾಗ್ಯ ನಮ್ಮ ಕರಾವಳಿಗೂ ಇದೆ. ಕೈರೋದ ಹಳೆಯ ಸಿನಗಾಗ್‌ನಲ್ಲಿ (ಯೆಹೂದಿಗಳ ಪ್ರಾರ್ಥನಾ ಮಂದಿರ) ಕೂಡಿಟ್ಟಿದ್ದ ಕಾಗದದ ರಾಶಿಯಲ್ಲಿ, 12ನೇ ಶತಮಾನದಲ್ಲಿ ಮಂಗಳೂರಿನಲ್ಲಿದ್ದ ಯೆಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜುವಿನ ಪತ್ರಗಳು ಸಿಕ್ಕಿವೆ. ಅಶು ಎಂಬ ದಾಸಿಗೆ 1132ರಲ್ಲಿ ಬಿಡುಗಡೆ ಕೊಟ್ಟ ಪತ್ರವೂ ಅದರಲ್ಲಿದೆ.

ಯೆದನ್ಯನಿಗೆ ಕೊನೆಗೆ ಬಗವಹ್ಯನ ಕಡೆಯಿಂದ ಉತ್ತರ ಬಂತು. ದೇವಾಲಯ ಕಟ್ಟಿಕೊಳ್ಳಿ, ಧಾನ್ಯ ಮತ್ತು ಧೂಪ ಅರ್ಪಿಸಿ ಎಂದಿತ್ತು. ಅವರು ಕೇಳಿದ್ದ ದಹನಬಲಿಯ ಮಾತೇ ಅದರಲ್ಲಿರಲಿಲ್ಲ. ಸ್ವಲ್ಪ ಕಾಲದಲ್ಲೇ ಈಜಿಪ್ಟು ಪರ್ಷಿಯಾದ ಕೈತಪ್ಪಿತು. ಕ್ರಿ.ಪೂ. 399ರ ಆಚೆಗೆ ಆ ಯೆಹೂದಿಗಳ ಒಂದು ಕಾಗದವೂ ಸಿಕ್ಕಿಲ್ಲ.