ಮೈಲ್ಡ್ ಕೇಳಿದ್ದಕ್ಕೆ "ಮೈಯಾಗ ಹುಷಾರಿಲ್ಲೇನ್ರಿ" ಅಂದ

ಮೊದಲೇ ಹೇಳಿಬಿಡುತ್ತೇನೆ, ಇದು ಬಿಯರ್ ಬಗ್ಗೆ ಬರೆದ ಪೋಸ್ಟು. ಮಾಲೆ ಹಾಕಿದವರು, ಶ್ರಾವಣ ಹಿಡಿದವರು, ಆಮೇಲೆ ನಮ್ಮ ಅತ್ತಿಗೆ, ಇಷ್ಟು ಜನ ಇಲ್ಲಿಂದಲೇ ಮುಂದಕ್ಕೆ ಸ್ಕ್ರಾಲ್ ಮಾಡಿ. ಉಳಿದವರು ಕೂತುಕೊಳ್ಳಿ. ಸಿಟ್ಟು ಬಂದಿದೆ, ಉದ್ದ ಆಗುತ್ತದೆ.

ನಿನ್ನೆ ರಾತ್ರಿ ಗಂಗಾವತಿಯ ಒಂದು ಬಾರಿಗೆ ಹೋಗಿದ್ದೆವು. ಹೆಸರು ಬೇಡ. ಮಿಲ್ಲಿನ ಲೆಕ್ಕ ಮುಗಿಸಿ, ಮೂಗಿನಲ್ಲಿ ಇನ್ನೂ ತೌಡಿನ ಧೂಳು ಇರುವಾಗಲೇ ಹೋಗಿ ಕೂತೆವು. ಹುಡುಗ ಬಂದ. ಮೆನು ಇಲ್ಲ, ಇದ್ದರೂ ಕೊಡುವುದಿಲ್ಲ. "ಸ್ಟ್ರಾಂಗ್ ಎಷ್ಟ್ರಿ?" ಅಂದ. ಯಾವುದು ಅಂತ ಅಲ್ಲ, ಎಷ್ಟು ಅಂತ. (ಗೊತ್ತಿಲ್ಲದವರಿಗೆ: ಸ್ಟ್ರಾಂಗ್ ಅಂದರೆ ಆಲ್ಕೋಹಾಲ್ ಜಾಸ್ತಿ ಇರುವ ಬಿಯರ್, ಮೈಲ್ಡ್ ಅಂದರೆ ಕಡಿಮೆ ಇರುವುದು.) ನಾನು "ನನಗೊಂದು ಮೈಲ್ಡ್ ತಾರಪ್ಪಾ" ಅಂದೆ. ಅವನು ಟೇಬಲ್ ಒರೆಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿ, ಪಾಪ, ನಿಜವಾದ ಕಾಳಜಿಯಿಂದಲೇ ಕೇಳಿದ: "ಯಾಕ್ರಿ ಸರ, ಮೈಯಾಗ ಹುಷಾರಿಲ್ಲೇನ್ರಿ?"

ಜೊತೆಗಿದ್ದ ಮೂವರೂ ಬಿದ್ದು ಬಿದ್ದು ನಕ್ಕರು. ನಗಲಿ. ಆಮೇಲೆ ಆ ಹುಡುಗ ಹೇಳಿದ್ದು ಕೇಳಿ. "ಮೈಲ್ಡ್ ಕೂಲಿಂಗ್ ಇಲ್ರಿ, ಹೊರಗೈತಿ." ಹೊರಗೆ ಅಂದರೆ ನಿಜವಾಗಲೂ ಹೊರಗೆ. ಹಿಂದೆ ತಗಡಿನ ಶೆಡ್ಡಿನ ಕೆಳಗೆ, ಕ್ರೇಟಿನಲ್ಲಿ, ಯಾವ ತಿಂಗಳಿಂದ ಇದೆಯೋ ದೇವರಿಗೇ ಗೊತ್ತು. ಯಾರೂ ಕೇಳುವುದಿಲ್ಲ ಅಂತ ಫ್ರಿಜ್ಜಿನಲ್ಲಿ ಇಡುವುದಿಲ್ಲ, ಫ್ರಿಜ್ಜಿನಲ್ಲಿ ಇಲ್ಲ ಅಂತ ಯಾರೂ ಕೇಳುವುದಿಲ್ಲ. ಈ ಗಾಣದಲ್ಲಿ ನಾನು ಒಬ್ಬನೇ ಸುತ್ತುತ್ತಿದ್ದೇನೆ.

ಇಷ್ಟಕ್ಕೇ ಮುಗಿಯಲಿಲ್ಲ. ನಮ್ಮ ಜೊತೆ ಬಂದಿದ್ದ ಒಬ್ಬ ಮಹಾನುಭಾವ, ಕಮಿಷನ್ ಅಂಗಡಿಯವನು, ನಿಮ್ಮಲ್ಲಿ ಅರ್ಧ ಜನಕ್ಕೆ ಗೊತ್ತು, ಶೇಕಡಾ 8ರ ಸ್ಟ್ರಾಂಗ್ ತರಿಸಿಕೊಂಡು, ಒಂದು ಗುಟುಕು ಕುಡಿದು, "ಏನೂ ಹತ್ತವಲ್ದು" ಅಂತ ಅದರೊಳಗೆ ಒಂದು ನೈಂಟಿ, ಅಂದರೆ 90 ಎಂಎಲ್ ವಿಸ್ಕಿ ಸುರಿದ. ನನ್ನ ಕಣ್ಣ ಮುಂದೆಯೇ. ಸುರಿದು ಬೆರಳಿನಿಂದ ಕಲಕಿದ. ಬೆರಳಿನಿಂದ!

ನನಗೆ ಅರ್ಥವಾಗದ್ದು ಇಷ್ಟೇ. ಈ ಊರಿನಲ್ಲಿ ಸೋನಾ ಮಸೂರಿ ಅಕ್ಕಿ ಹಿಡಿದು ಹಳೆಯದೋ ಹೊಸದೋ ಅಂತ ಎರಡು ಕಾಳು ಕಚ್ಚಿ ಹೇಳುವವರಿದ್ದಾರೆ. ಮಿರ್ಚಿ ಬಾಯಿಗಿಟ್ಟ ಕೂಡಲೇ ಎಣ್ಣೆ ಹಳೇದು ಅಂತ ಜಗಳ ತೆಗೆಯುತ್ತಾರೆ. ಚಹಾಕ್ಕೆ ಸಕ್ಕರೆ ಜಾಸ್ತಿಯಾದರೆ ವಾಪಸ್ ಕಳಿಸುತ್ತಾರೆ. ಅದೇ ಜನ ಬಿಯರ್ ಅಂದ ಕೂಡಲೇ ನಾಲಿಗೆಯನ್ನು ಬಾಗಿಲಲ್ಲಿ ಚಪ್ಪಲಿ ಜೊತೆ ಬಿಟ್ಟು ಬರುತ್ತಾರೆ. ಹತ್ತಿತೋ ಇಲ್ಲವೋ, ಅಷ್ಟೇ ಪ್ರಶ್ನೆ.

ನನ್ನ ಇಷ್ಟ ಯಾವುದು ಅಂತ ಕೇಳಿದರೆ ಈಗ ಹೇಳುತ್ತೇನೆ, ಯಾರೂ ಕೇಳಲಿಲ್ಲ ಅಂದರೂ ಹೇಳುತ್ತೇನೆ. ಮೊದಲ ಜಾಗ ಸಾದಾ ಲಾಗರಿಗೇ, ಅಂದರೆ ತಂಪಿನಲ್ಲಿ ನಿಧಾನವಾಗಿ ಹುದುಗಿಸಿದ ಮಾಮೂಲಿ ಬಿಯರಿಗೇ. ಬೆಂಗಳೂರಿನ ಹಳೇ ಸಹೋದ್ಯೋಗಿಗಳು ಇದನ್ನು ಓದಿ "ಇಷ್ಟು ವರ್ಷ ನಮ್ಮ ಜೊತೆ ಕುಡಿದು ಕಲಿತದ್ದು ಇದೇನಾ" ಅನ್ನುತ್ತಾರೆ. ಹೌದು, ಇದೇ. ಕಿಂಗ್‌ಫಿಷರ್ ಪ್ರೀಮಿಯಂ, ಆಲ್ಕೋಹಾಲ್ ಶೇಕಡಾ 5ರೊಳಗೆ, ಸರಿಯಾಗಿ ತಣ್ಣಗಿದ್ದು, ಹೊಸ ಸ್ಟಾಕ್ ಆಗಿದ್ದರೆ ಸಾಕು. ಏಪ್ರಿಲ್ ತಿಂಗಳಲ್ಲಿ ಸಂಜೆ ಆರಕ್ಕೂ ಗೋಡೆ ಮುಟ್ಟಿದರೆ ಕೈ ಸುಡುವ ಊರು ನಮ್ಮದು. ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ ಕಡೆ ಊಟಕ್ಕೆ ಹೋದರೆ ಆಂಧ್ರದ ಖಾರ, ಕೋಳಿ ಫ್ರೈ ತಿಂದು ಕಿವಿಯಲ್ಲಿ ಹೊಗೆ ಬರುತ್ತದೆ. ಇಂಥ ಬಿಸಿಲಿಗೆ, ಇಂಥ ಖಾರಕ್ಕೆ ಹಗುರವಾದ ಲಾಗರ್‌ಗಿಂತ ಸರಿಯಾದ ಜೋಡಿ ಇನ್ನೊಂದಿಲ್ಲ. ಲೋಕದಲ್ಲಿ ಮೈಲ್ಡ್ ಬಿಯರ್ ಯಾರಿಗಾದರೂ ಬೇಕಿದ್ದರೆ ಅದು ನಮಗೆ. ನಾವೇ ಅದನ್ನು ಶೆಡ್ಡಿನ ಕೆಳಗೆ ಇಟ್ಟಿದ್ದೇವೆ.

ಲಾಗರ್ ಅಂದರೆ ಸುಮ್ನೆ ಅಗ್ಗದ ಬಿಯರ್ ಅಂತ ತಿಳಿದವರಿಗೆ ಒಂದು ಕಥೆ. ಈಗಿನ ಜೆಕ್ ದೇಶದಲ್ಲಿ ಪಿಲ್ಸೆನ್ ಅಂತ ಒಂದು ಊರಿದೆ. ಅಲ್ಲಿ ಬಿಯರ್ ಎಷ್ಟು ಕೆಟ್ಟು ಹೋಗಿತ್ತೆಂದರೆ 1838ರಲ್ಲಿ ಊರವರೇ ಸಿಟ್ಟಿಗೆದ್ದು 36 ಪೀಪಾಯಿ ಬಿಯರನ್ನು ಪುರಭವನದ ಮುಂದೆ ಚೆಲ್ಲಿದರು. ಆಮೇಲೆ ಊರವರೇ ಸೇರಿ ಹೊಸ ಬ್ರೂವರಿ ಕಟ್ಟಿದರು. ಜರ್ಮನಿಯ ಬವೇರಿಯಾದಿಂದ ಯೋಸೆಫ್ ಗ್ರೋಲ್ ಅನ್ನುವವನನ್ನು ಕರೆಸಿದರು. 1842ರಲ್ಲಿ ಅವನು ಅಲ್ಲಿನ ಮೆದು ನೀರು, ತಿಳಿ ಬಣ್ಣದ ಮಾಲ್ಟು (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), ಸಾಟ್ಸ್ ಪ್ರದೇಶದ ಹಾಪ್ಸ್ (ಕಹಿ, ಘಮ ಕೊಡುವ ಹೂವು) ಹಾಕಿ ಬಂಗಾರದ ಬಣ್ಣದ ಬಿಯರ್ ಇಳಿಸಿದ. ಇವತ್ತು ನಾವು ಕುಡಿಯುವ ತಿಳಿ ಲಾಗರ್‌ಗಳೆಲ್ಲ ಅದರ ಮಕ್ಕಳು, ಮೊಮ್ಮಕ್ಕಳು. ನಮ್ಮೂರಲ್ಲಿ ಹಂಗೆ ಪೀಪಾಯಿ ಚೆಲ್ಲಿದ್ದರೆ ಜನ ಬಕೆಟ್ ಹಿಡಿದು ಓಡಿ ಬರುತ್ತಿದ್ದರು, ಬಿಡಿ.

ಇನ್ನು ಗೋಧಿ ಬಿಯರು. ಇದು ನನ್ನ ಎರಡನೇ ಪ್ರೀತಿ. ಕೆಲವು ದಿನ ಮೊದಲನೆಯದೂ ಹೌದು. ಜರ್ಮನಿಯ ಹೆಫೆವೈಜನ್ ಇದೆಯಲ್ಲ, ಅದರಲ್ಲಿ ಬಾಳೆಹಣ್ಣಿನ ಘಮ, ಹಿಂದೆಯೇ ಲವಂಗದ ಘಮ. ಬಾಳೆಹಣ್ಣೂ ಹಾಕಿರುವುದಿಲ್ಲ, ಲವಂಗವೂ ಹಾಕಿರುವುದಿಲ್ಲ. ಎರಡೂ ಬಿಯರನ್ನು ಹುದುಗಿಸುವ ಆ ಯೀಸ್ಟಿನ ಕೆಲಸ. ಬೆಲ್ಜಿಯಂ ಕಡೆಯದು ಬೇರೆ. ಅವರು ಕಿತ್ತಳೆ ಸಿಪ್ಪೆ, ಕೊತ್ತಂಬರಿ ಬೀಜ ನಿಜವಾಗಲೂ ಹಾಕುತ್ತಾರೆ. ಹುಗಾರ್ಡನ್ ಅನ್ನುವ ಊರಿನಲ್ಲಿ ಈ ಬಿಯರ್ ಪೂರ್ತಿ ನಿಂತೇ ಹೋಗಿತ್ತು. 1960ರ ದಶಕದಲ್ಲಿ ಪಿಯರ್ ಸೆಲಿಸ್ ಅನ್ನುವ ಹಾಲು ಮಾರುವವನು ಅದನ್ನು ಮತ್ತೆ ಶುರು ಮಾಡಿದ. ನಮ್ಮಲ್ಲಿ 2015ರಲ್ಲಿ ಬಿರಾ ಅನ್ನುವ ಬ್ರ್ಯಾಂಡ್ ಬಂದಾಗ ಅದರ ವೈಟ್ ಕುಡಿದು ಎಷ್ಟೋ ಜನಕ್ಕೆ ಬಿಯರಿನಲ್ಲಿ ಇಂಥದ್ದೂ ಇರುತ್ತದೆ ಅಂತ ಗೊತ್ತಾಯಿತು. ಅದೂ ಗೋಧಿಯದೇ.

ಒಮ್ಮೆ ಬೆಂಗಳೂರಿನಿಂದ ಬರುವಾಗ ಜರ್ಮನಿಯ ಗೋಧಿ ಬಿಯರ್ ಕ್ಯಾನ್ ತಂದಿದ್ದೆ. ಗೋಧಿ ಬಿಯರನ್ನು ಸುರಿಯುವ ಕ್ರಮವೇ ಬೇರೆ. ಮುಕ್ಕಾಲು ಸುರಿದು, ಉಳಿದದ್ದನ್ನು ಮೆಲ್ಲಗೆ ತಿರುಗಿಸಿ, ತಳದ ಯೀಸ್ಟು ಎದ್ದ ಮೇಲೆ ಅದನ್ನೂ ಲೋಟಕ್ಕೆ ಬಿಡಬೇಕು. ಹಾಗೆ ಶ್ರದ್ಧೆಯಿಂದ ಸುರಿದು ಕೊಟ್ಟರೆ, ನಮ್ಮ ದೋಸ್ತ ಲೋಟವನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿ, "ಕದಡಿ ಹೋಗೇತಲ್ಲೋ ಇದು, ಎಡದಂಡೆ ಕಾಲುವಿಗೆ ಹೊಸ ನೀರು ಬಿಟ್ಟಂಗೈತಿ" ಅಂದ. ಕುಡಿದ ಮೇಲೆ "ಬಾಳೆಹಣ್ಣು ಕೊಳೆಸ್ಯಾರೇನು" ಅಂತ ಕೇಳಿದ. ಆನೆಗೊಂದಿಯಲ್ಲಿ ಬಾಳೆ ತೋಟ ಇರುವ ಮನುಷ್ಯ! ಕೊನೆಗೆ ಕೇಳಿದ್ದು ಅದೇ ಪ್ರಶ್ನೆ, "ಎಷ್ಟು ಪರ್ಸೆಂಟ್?" ಐದು ಚಿಲ್ಲರೆ ಅಂದೆ. ಲೋಟ ಕೆಳಗಿಟ್ಟ.

ಕಪ್ಪು ಬಿಯರಿನ ವಿಷಯದಲ್ಲಿ ಇದರ ಉಲ್ಟಾ ತಮಾಷೆ. ಸ್ಟೌಟ್ ನೋಡಿದ ಕೂಡಲೇ ನಮ್ಮವರ ಕಣ್ಣು ಅರಳುತ್ತದೆ, ಕಪ್ಪಗಿದೆ ಅಂದರೆ ಭಯಂಕರ ಸ್ಟ್ರಾಂಗು ಅಂತ. ಡಬ್ಲಿನ್‌ನ ಗಿನ್ನೆಸ್ ಡ್ರಾಫ್ಟ್‌ನಲ್ಲಿ ಆಲ್ಕೋಹಾಲ್ ಇರುವುದು ಶೇಕಡಾ 4.2, ನೀವು ಮುಖ ಸಿಂಡರಿಸುವ ಮೈಲ್ಡ್‌ಗಿಂತಲೂ ಕಡಿಮೆ! ಕಪ್ಪು ಬಣ್ಣ ಬರುವುದು ಹುರಿದ ಬಾರ್ಲಿಯಿಂದ. ಅದರಲ್ಲೇ ಆ ಕಾಫಿಯಂಥ ಕಹಿ. ನೊರೆ ಅಷ್ಟು ನುಣ್ಣಗೆ ಇರುವುದು ನೈಟ್ರೋಜನ್ ಅನಿಲದಿಂದ. ಅದಕ್ಕಾಗಿಯೇ ಡಬ್ಬಿಯೊಳಗೆ ಒಂದು ಪ್ಲಾಸ್ಟಿಕ್ ಗುಂಡು ಇಟ್ಟಿರುತ್ತಾರೆ. ಖಾಲಿ ಡಬ್ಬಿ ಅಲ್ಲಾಡಿಸಿ "ಒಳಗ ಏನೋ ಬಿದ್ದೈತಿ, ಕಂಪ್ಲೇಂಟ್ ಕೊಡೋಣ" ಅಂದವರೂ ನಮ್ಮ ಬಳಗದಲ್ಲಿದ್ದಾರೆ. ಹೆಸರು ಹೇಳಲ್ಲ, ಈ ಪೋಸ್ಟಿಗೆ ಮೊದಲ ಲೈಕ್ ಅವರದೇ ಇರುತ್ತದೆ. ನನಗೆ ಸ್ಟೌಟ್ ಬೇಕಾಗುವುದು ಡಿಸೆಂಬರ್, ಜನವರಿಯಲ್ಲಿ ಮಾತ್ರ. ಆಗಲೂ ಒಂದೇ ಲೋಟ.

ಐಪಿಎ, ಅಂದರೆ ಇಂಡಿಯಾ ಪೇಲ್ ಏಲ್ ಅನ್ನುವ ಕಹಿ ಬಿಯರಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ನನಗೆ ಇಷ್ಟ ಇಲ್ಲ. ಲಂಡನ್‌ನಿಂದ ಹಡಗಿನಲ್ಲಿ ನಮ್ಮ ದೇಶಕ್ಕೆ ಬರುತ್ತಿದ್ದ ಪೇಲ್ ಏಲ್, ದಾರಿಯಲ್ಲಿ ಕೆಡಬಾರದು ಅಂತ ಹಾಪ್ಸ್ ಜಾಸ್ತಿ ಹಾಕುತ್ತಿದ್ದರು, ಎಲ್ಲ ಗೊತ್ತು, ಗೌರವವೂ ಇದೆ. ಆದರೆ ಗುಂಟೂರು ಮೆಣಸಿನಕಾಯಿ ತಿಂದ ಬಾಯಿಗೆ ಆ ಕಹಿ ಬಿದ್ದರೆ ಖಾರ ಇಳಿಯುವುದಿಲ್ಲ, ಏರುತ್ತದೆ. ಬೆಂಗಳೂರಿನ ಬ್ರೂಪಬ್ಬಿನಲ್ಲಿ ಎಲ್ಲರೂ ಅದನ್ನೇ ಹೊಗಳುತ್ತಿದ್ದಾಗ ನಾನೂ ತಲೆ ಆಡಿಸುತ್ತಿದ್ದೆ, ಸಂಬಳ ಕೊಡುವ ಮ್ಯಾನೇಜರ್ ಎದುರಿಗಿದ್ದ. ಈಗ ಊರಿಗೆ ಬಂದು ಸ್ವಂತ ವ್ಯಾಪಾರ ಹಿಡಿದಿದ್ದೇನೆ, ಯಾರ ಹಂಗೂ ಇಲ್ಲ.

ಹಾಂ, ಅದೇ ಬೆಂಗಳೂರಿನವರಿಗೂ ಒಂದು ಮಾತಿದೆ. "ಅಕ್ಕಿ ಹಾಕಿದ್ದು ಬಿಯರೇ ಅಲ್ಲ, 1516ರ ಬವೇರಿಯಾದ ಕಾನೂನು ನೋಡು, ನೀರು, ಬಾರ್ಲಿ, ಹಾಪ್ಸ್, ಅಷ್ಟೇ" ಅಂತ ನನಗೆ ಪಾಠ ಹೇಳುತ್ತಾರೆ. ಆ ಕಾನೂನಿನಲ್ಲಿ ಯೀಸ್ಟಿನ ಹೆಸರೇ ಇಲ್ಲ, ಆಗ ಅದೇನು ಅಂತಲೇ ಜನಕ್ಕೆ ಗೊತ್ತಿರಲಿಲ್ಲ. ಬಡ್‌ವೈಸರ್‌ನಲ್ಲಿ ಅಕ್ಕಿ ಇದೆ, ಜಪಾನಿನ ಅಸಾಹಿಯಲ್ಲಿ ಅಕ್ಕಿ ಇದೆ. ಅಕ್ಕಿ ಹಾಕಿದರೆ ಬಿಯರ್ ಹಗುರಾಗುತ್ತದೆ, ಗಂಟಲಲ್ಲಿ ಚೊಕ್ಕಟವಾಗಿ ಇಳಿಯುತ್ತದೆ. ನುಚ್ಚಕ್ಕಿ ಮಾರುವವನ ಮುಂದೆ ಅಕ್ಕಿಯನ್ನು ಬೈಯುವಾಗ ಸ್ವಲ್ಪ ನೋಡಿ ಮಾತಾಡಿ.

ಈಗ ಎಲ್ಲರೂ ಬರೆಯಲಿರುವ ಕಾಮೆಂಟಿಗೆ ನಾನೇ ಉತ್ತರ ಕೊಡುತ್ತೇನೆ. "ಅಣ್ಣಾ, ದುಡ್ಡು ಅಷ್ಟೇ ಕೊಡಬೇಕು, ಹಂಗಿದ್ದ ಮ್ಯಾಲೆ ಜಾಸ್ತಿ ಹತ್ತೋದು ತಗೊಂಡ್ರೆ ತಪ್ಪೇನು?" ಬಿಯರ್ ತುಟ್ಟಿಯಾಗಿದೆ, ಒಪ್ಪಿದೆ. 2023ರ ಬಜೆಟ್ಟಿನಲ್ಲೇ ಹೆಚ್ಚುವರಿ ಅಬಕಾರಿ ಸುಂಕ ಶೇಕಡಾ 175ರಿಂದ 185ಕ್ಕೆ ಹೋಯಿತು, ಅದಾದ ಮೇಲೂ ಏರಿದೆ. ಆದರೆ ಲೆಕ್ಕ ನನಗೂ ಬರುತ್ತದೆ, ದಿನಾ ಅದೇ ಮಾಡುವುದು. 650 ಎಂಎಲ್ ಬಾಟ್ಲಿ, ಶೇಕಡಾ 5 ಅಂದರೆ ಒಳಗಿರುವ ಆಲ್ಕೋಹಾಲ್ 32 ಎಂಎಲ್ ಚಿಲ್ಲರೆ. ಶೇಕಡಾ 8 ಆದರೆ 52. ನಮ್ಮ ವಿಸ್ಕಿ, ರಮ್ಮು ಶೇಕಡಾ 42.8. ಅಂದರೆ ಒಂದು ನೈಂಟಿಯಲ್ಲೇ 38 ದಾಟುತ್ತದೆ, ಬೆಲೆ ಬಿಯರ್ ಬಾಟ್ಲಿಗಿಂತ ಎಷ್ಟೋ ಕಡಿಮೆ. ಹತ್ತುವುದೇ ಮುಖ್ಯ ಆದರೆ ಬಿಯರಿನ ಹತ್ತಿರ ಯಾಕೆ ಬರುತ್ತೀರಿ? ನೈಂಟಿ ಹೊಡೆದು ಮನೆಗೆ ಹೋಗಿ ಮಲಗಿ. ಲೆಕ್ಕದ ಮಾತು ಆಡಿ ಲೆಕ್ಕ ತಪ್ಪುವವರು ನೀವೇ.

ಸ್ಟ್ರಾಂಗ್ ಅಂದರೆ ಕೆಟ್ಟದ್ದು ಅಂತ ನಾನು ಎಲ್ಲೂ ಹೇಳಿಲ್ಲ. ಬೆಲ್ಜಿಯಂನ ಡ್ಯುವೆಲ್ ಶೇಕಡಾ 8.5, ಅದನ್ನು ಕುಡಿದರೆ ಅಷ್ಟಿದೆ ಅಂತ ಗೊತ್ತೇ ಆಗುವುದಿಲ್ಲ. ಮ್ಯೂನಿಕ್‌ನ ಸನ್ಯಾಸಿಗಳು ಉಪವಾಸದ ದಿನಗಳಿಗೆ ಅಂತಲೇ ಗಟ್ಟಿ ಬಿಯರ್ ಮಾಡಿಕೊಳ್ಳುತ್ತಿದ್ದರು. ಅವರ ಉಪವಾಸದ ಮೇಲೆ ನನಗೆ ಸ್ವಲ್ಪ ಹೊಟ್ಟೆಕಿಚ್ಚಿದೆ. ಗಟ್ಟಿ ಇರಲಿ, ಅದಕ್ಕೆ ತಕ್ಕ ರುಚಿಯೂ ಇರಲಿ ಅಂತಷ್ಟೇ ನನ್ನ ತಕರಾರು. ನಿನ್ನೆ ಟೇಬಲ್ ಮೇಲಿದ್ದ ಸ್ಟ್ರಾಂಗನ್ನು ನಾನೂ ಒಂದು ಗುಟುಕು ಕುಡಿದೆ. ಮುಂದೆ ಅಂಟು ಸಿಹಿ, ಹಿಂದೆ ಗಂಟಲು ಉರಿ, ನಡುವೆ ಏನೂ ಇಲ್ಲ. ಅದಕ್ಕೇ ಅದನ್ನು ಐಸ್ ಆಗುವಷ್ಟು ಕೂಲ್ ಮಾಡಿ ಕೊಡುತ್ತಾರೆ. ನಾಲಿಗೆ ಮರಗಟ್ಟಿದ ಮೇಲೆ ರುಚಿ ಕೇಳುವವರು ಯಾರು?

ಇನ್ನೊಂದು ಮಾತು, ತಮಾಷೆಯದಲ್ಲ. ನಮ್ಮ ದೊಡ್ಡಪ್ಪ ಕುಡಿದೇ ಹೋದರು, ಹತ್ತಿರದವರಿಗೆ ಗೊತ್ತು. ಅವರು ಕೊನೆಗೆ ಏನು ಕುಡಿಯುತ್ತಿದ್ದಾರೆ ಅಂತಲೂ ನೋಡುತ್ತಿರಲಿಲ್ಲ, ಲೋಟ ತುಂಬಿದ್ದರೆ ಆಯಿತು. ಹಂಗಾಗಿ "ಏನೂ ಹತ್ತವಲ್ದು" ಅನ್ನುವ ಮಾತಿಗೆ ಎಲ್ಲರೂ ನಗುವಾಗ ನನಗೆ ನಗು ಬರುವುದಿಲ್ಲ. ಒಂದು ಬಾಟ್ಲಿ ಮೈಲ್ಡ್, ಒಂದು ಪ್ಲೇಟ್ ಶೇಂಗಾ, ಎರಡು ತಾಸು ಹರಟೆ, ಎದ್ದು ನೆಟ್ಟಗೆ ನಡೆದು ಆಟೋ ಹತ್ತುವುದು. ಇದಕ್ಕೆ ಹುಷಾರಿಲ್ಲ ಅನ್ನುವುದಾದರೆ ನನಗೆ ಹುಷಾರಿಲ್ಲ.

ನಿನ್ನೆಯ ಮೈಲ್ಡ್ ಏನಾಯಿತು ಅಂತ ಕೇಳುವವರಿಗೆ: ಬಂತು. ಲೋಟಕ್ಕೆ ಐಸ್ ಹಾಕಿ ತಂದ. ಹಸಿರು ಬಾಟ್ಲಿ, ಹೊರಗೆ ಬೆಳಕಲ್ಲಿ ಇದ್ದದ್ದು. ಬೆಳಕು ಬಿದ್ದರೆ ಹಾಪ್ಸ್ ಕೆಡುತ್ತದೆ, ಗಬ್ಬು ವಾಸನೆ ಬರುತ್ತದೆ. ಕಂದು ಬಾಟ್ಲಿ ಬೆಳಕನ್ನು ಸುಮಾರಾಗಿ ತಡೆಯುತ್ತದೆ, ಹಸಿರು ತಡೆಯುವುದಿಲ್ಲ. ಮೂಗಿನ ಹತ್ತಿರ ತಂದಾಗಲೇ ಗೊತ್ತಾಯಿತು. ವಾಪಸ್ ಮಾಡಿದರೆ "ಎಲ್ಲಾ ಬಿಯರೂ ಹಂಗೇ ನಾರ್ತಾವ್ರಿ" ಅಂದ ಕೌಂಟರಿನವನು. ಬಿಲ್ಲಿನಲ್ಲಿ ಅದೂ ಸೇರಿತ್ತು, ಐಸಿಗೆ ಬೇರೆ.

ಇವತ್ತು ಬೆಳಿಗ್ಗೆ ಒಂದು ವೈನ್ ಶಾಪಿನವನ ಹತ್ತಿರ ಮಾತಾಡಿದ್ದೇನೆ. ಹೊಸ ಸ್ಟಾಕ್ ಮೈಲ್ಡ್ ತರಿಸುತ್ತಾನಂತೆ, ಫ್ರಿಜ್ಜಿನಲ್ಲೂ ಇಡುತ್ತಾನಂತೆ, ಆದರೆ ಪೂರ್ತಿ ಕೇಸಿಗೆ ಗಿರಾಕಿ ನಾನೇ ತೋರಿಸಬೇಕು, ಉಳಿದರೆ ಅವನ ಜವಾಬ್ದಾರಿ ಅಲ್ಲ. ಕೇಸ್ ಅಂದರೆ 12 ಬಾಟ್ಲಿ. ಗಂಗಾವತಿ, ಕಾರಟಗಿ, ಶ್ರೀರಾಮನಗರದ ಕಡೆ ಇರುವವರು ಯಾರ್‍ಯಾರಿಗೆ ಎಷ್ಟು ಬೇಕು ಅಂತ ಕೆಳಗೆ ಬರೆಯಿರಿ. ನಾಲ್ಕು ನನ್ನವು. ಬೆರಳಿನಿಂದ ಕಲಕುವವರು ಕಾಮೆಂಟಿಗೆ ಬರಬೇಡಿ.