ಬೆಂಡೆಕಾಯಿ ಠಸ್ಸೆ

ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಹಣ್ಣಿನವನೊಬ್ಬನ ಹತ್ತಿರ ಒಂದು ಹಳೇ ಮರದ ಪೆಟ್ಟಿಗೆ ಕೇಳಿದೆ. "ಒಲೆಗಾ ಸಾರ್?" ಅಂದ. "ಇಲ್ಲಪ್ಪ, ಬಣ್ಣ ಹಚ್ಚೋಕೆ" ಅಂದೆ. ನನ್ನ ಮುಖವನ್ನೇ ಒಂದು ಗಳಿಗೆ ನೋಡಿದ. ಪಾಪ ಅನ್ನಿಸಿರಬೇಕು, ಎರಡು ಕೊಟ್ಟ. ದುಡ್ಡು ಬೇಡ ಅಂದ. ಎಲ್ಲ ಕಡೆ ಪ್ಲಾಸ್ಟಿಕ್ ಕ್ರೇಟು ಬಂದ ಮೇಲೆ ಇವು ಸಿಗೋದೇ ಅಪರೂಪ.

ಮನೆಯಲ್ಲಿ ಒಂದು ಕಾಲು ಕುಂಟುವ ಸ್ಟೂಲೂ ಇತ್ತು. ಎರಡು ಪೆಟ್ಟಿಗೆ, ಒಂದು ಸ್ಟೂಲು, ಒಂದು ಭಾನುವಾರ. ಇಷ್ಟು ಸಾಕಲ್ವಾ?

ಅಪ್ಪ ಪೇಪರ್ ಮಡಚಿಟ್ಟರು. "ಬೀಟೆಮರದಲ್ಲಿ ಇನ್‌ಲೇ ಕೂರಿಸಿ ಆನೆ ಅಂಬಾರಿ ಮೂಡಿಸೋ ಊರು ಕಣೋ ಇದು. ಇಲ್ಲಿ ಹುಟ್ಟಿ ಮರಕ್ಕೆ ಪೇಂಟ್ ಬಳೀತೀಯಾ?" ನನ್ನ ಹತ್ತಿರವೂ ಉತ್ತರವಿತ್ತು. ನಾಲ್ವಡಿಯವರು 1937ರಲ್ಲಿ ಅರಗಿನ ಕಾರ್ಖಾನೆ ಶುರು ಮಾಡಿಸಿದ್ದು ಇದೇ ಊರಲ್ಲಿ. ಅದೇ ಈಗಿನ ಮೈಸೂರು ಪೇಂಟ್ಸ್. 1962ರ ಚುನಾವಣೆಯಿಂದ ದೇಶದ ಬೆರಳಿಗೆಲ್ಲ ಶಾಯಿ ಹೋಗುತ್ತಿರುವುದು ಅಲ್ಲಿಂದಲೇ. ಬಣ್ಣವೂ ನಮ್ಮೂರಿನದೇ ಅಪ್ಪ, ಅಂದೆ. "ಆಯ್ತು, ಆ ಬೀಟೆ ಟೀಪಾಯಿ ಮುಟ್ಟಬೇಡ" ಅಂದರು. ಅದರಲ್ಲಿ ನನಗೂ ತಕರಾರಿಲ್ಲ. ಒಳ್ಳೆಯ ಮರದ ಗೆರೆ ಮುಚ್ಚುವುದು ಪಾಪ. ಹಣ್ಣಿನ ಪೆಟ್ಟಿಗೆಗೆ ಆ ಮರ್ಯಾದೆ ಬೇಕಿಲ್ಲ.

ಸ್ಟೂಲಿನಲ್ಲಿ ಮಾತ್ರ ಸೋಮಾರಿತನ ಮಾಡಿದೆ. ಹಳೇ ಪಾಲಿಶ್ ಮೇಲೆ ಸ್ಯಾಂಡ್ ಪೇಪರ್ ತಿಕ್ಕದೆ ಹಾಗೇ ಎನಾಮಲ್ ಬಳಿದೆ. ಎರಡೇ ವಾರಕ್ಕೆ ಹಾವು ಪೊರೆ ಬಿಟ್ಟ ಹಾಗೆ ಸುಲಿದು ಬಂತು. ಪೆಟ್ಟಿಗೆಯದು ಬರೀ ಮರ, ಪಾಲಿಶ್ ಕಾಣದ್ದು. ಮೊಳೆ ಬಡಿದು, ಸಿಬಿರು ತಿಕ್ಕಿ, ಪ್ರೈಮರ್ ಹಚ್ಚಿದ್ದಕ್ಕೆ ನೀಲಿ ಚೆನ್ನಾಗಿ ಕೂತಿತು.

ಆಮೇಲೆ ಅಚ್ಚು. ಅಂಗಡಿಯ ಅಚ್ಚಿಗೆ ದುಡ್ಡು ಜಾಸ್ತಿ. ಬೆಂಡೆಕಾಯಿ ಅಡ್ಡ ಕೊಯ್ದರೆ ಐದು ಮೂಲೆಯ ಹೂವು ಪುಕ್ಕಟೆ. ಆಲೂಗಡ್ಡೆಯಲ್ಲಿ ಬೇಕಾದ್ದು ಕೊರೆಯಬಹುದು. ಈರುಳ್ಳಿ ಪೆಟ್ಟಿಗೆ ಅಂತ ಗೊತ್ತಾಗಲಿ ಎಂದು ನಾನು 'ಈ' ಕೊರೆದು ಒತ್ತಿದೆ. ಅಮ್ಮ ಬಂದು ನೋಡಿ, "ಇದ್ಯಾವ ಭಾಷೆಯೋ?" ಅಂದರು. ಅಕ್ಷರ ತಿರುಗಾಮುರುಗಾ ಬಿದ್ದಿತ್ತು.

ಅಪ್ಪನಿಗೆ ತಡೆಯಲಾಗಲಿಲ್ಲ. 30 ವರ್ಷ ಗುಮಾಸ್ತರಾಗಿದ್ದವರು. "ಠಸ್ಸೆಯಲ್ಲಿ ಅಕ್ಷರ ಉಲ್ಟಾ ಇರುತ್ತೆ ಕಣೋ. ಅಷ್ಟೂ ಗೊತ್ತಿಲ್ವಾ? ಕೊಡು ಇಲ್ಲಿ." ಪಂಚೆ ಮೇಲೆ ಕಟ್ಟಿ ಕೂತರು. ಬೆಂಡೆಕಾಯಿಯ ಲೋಳೆಯನ್ನು ಬಟ್ಟೆಯಲ್ಲಿ ಒತ್ತಿ ಒರೆಸಿದರು. ಬಣ್ಣದಲ್ಲಿ ಮುಳುಗಿಸಲಿಲ್ಲ, ಸ್ಪಂಜಿಗೆ ಬಣ್ಣ ಹಾಕಿಸಿ ಇಂಕ್ ಪ್ಯಾಡ್ ಮಾಡಿಕೊಂಡರು. ನೇರ ಇಳಿಸಿ, ನೇರ ಎತ್ತಿದರು. ಅಲ್ಲಾಡಿಸಲಿಲ್ಲ. ಟಪ್, ಟಪ್. ನನ್ನ ಹೂವುಗಳು ಮಳೆಗೆ ಸಿಕ್ಕ ರಂಗೋಲಿ. ಅವರದು ಗೆಜೆಟ್ಟಿನಲ್ಲಿ ಅಚ್ಚಾದಂತೆ ಸಾಲಾಗಿ ನಿಂತವು. ಹತ್ತು ಸಲ ಒತ್ತುವಷ್ಟರಲ್ಲಿ ಬೆಂಡೆಕಾಯಿ ಮೆತ್ತಗಾಗುತ್ತಿತ್ತು. ತುದಿ ಕೊಯ್ದರೆ ಹೊಸ ಠಸ್ಸೆ. ಆಫೀಸಿನಲ್ಲಿ ಇಂಥ ಅನುಕೂಲ ಇರಲಿಲ್ಲ ನೋಡು, ಅಂದರು.

ಮಧ್ಯಾಹ್ನ ಅಮ್ಮ ಹುಳಿಗೆ ಬೆಂಡೆಕಾಯಿ ಹುಡುಕಿದರು. ಸಿಕ್ಕಿದ್ದು ತೊಟ್ಟುಗಳು. ಅವತ್ತು ಬರೀ ತಿಳಿಸಾರು.

ಮುಂದಿನ ವಾರ ಕಸ ಗುಡಿಸುವಾಗ ಪೊರಕೆ ಬೀಟೆ ಟೀಪಾಯಿಯ ಕೆಳಗೆ ಸಿಕ್ಕಿಕೊಂಡಿತು. ಬಗ್ಗಿ ನೋಡಿದೆ. ಹಲಗೆಯ ಅಡಿಯಲ್ಲಿ, ಯಾರಿಗೂ ಕಾಣದ ಮೂಲೆಯಲ್ಲಿ, ಬಿಳಿ ಬಣ್ಣದ ಒಂದೇ ಒಂದು ಬೆಂಡೆ ಹೂವು. ಅಂಚು ಕೂಡ ಕದಡಿರಲಿಲ್ಲ.