ಮೊದಲ ಕ್ಯಾಮೆರಾ ತಗೊಳ್ಳೋರಿಗೆ: ನಿಮ್ಮ ಫೋನಿಗೆ ಆಗದೇ ಇರೋ ಕೆಲಸ ಯಾವುದು?

ದಸರಾ ಆಫರ್ ಶುರುವಾಯ್ತು ಅಂದ್ರೆ ಯಾರಾದ್ರೂ ಒಬ್ರು ಕೇಳೇ ಕೇಳ್ತಾರೆ, "ಅಣ್ಣಾ 60 ಸಾವಿರದೊಳಗೆ ಒಂದು ಒಳ್ಳೆ ಕ್ಯಾಮೆರಾ ಹೇಳು". ಎಂತ ಫೋಟೋ ತೆಗೀತೀಯ ಮಾರಾಯ ಅಂದ್ರೆ "ಎಲ್ಲಾನೂ" ಅಂತ ಉತ್ತರ. ಈ "ಎಲ್ಲಾನೂ" ಪಾರ್ಟಿಗಳಿಗೇ ಅಂಗಡಿಯವ್ರು ಒಂದು ಬಾಡಿ (ಅಂದ್ರೆ ಲೆನ್ಸಿಲ್ಲದ ಬರೀ ಕ್ಯಾಮೆರಾ), ಜೊತೆಗೇ ಬರೋ ಒಂದು 18-55 ಕಿಟ್ ಲೆನ್ಸು (ಈ ಅಂಕಿ ಎಂಎಂ ಲೆಕ್ಕ, ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣತ್ತೆ), ಬ್ಯಾಗು, ಕಾರ್ಡು, ಗಾಳಿಗೆ ಅಲ್ಲಾಡೋ ಒಂದು ಟ್ರೈಪಾಡು ಎಲ್ಲ ಸೇರಿಸಿ ಇಎಂಐ ಮಾಡಿಸಿ ಕಳಿಸೋದು. ಇಎಂಐ ಮುಗಿಯೋ ಹೊತ್ತಿಗೆ ಕ್ಯಾಮೆರಾ ಬೀರು ಮೇಲೆ, ಫೋಟೋ ಎಲ್ಲ ಮತ್ತೆ ಫೋನಲ್ಲೇ.

ಯಾಕೆ ಹೀಗಾಗತ್ತೆ ಅಂದ್ರೆ, ಹಗಲು ಬೆಳಕಲ್ಲಿ ಕಿಟ್ ಲೆನ್ಸಿಗಿಂತ ಫೋನೇ ಚೆನ್ನಾಗಿ ತೆಗ್ಯತ್ತೆ. ಬೈಬೇಡಿ, ನೋಡೋಕೆ ಹಾಗೇ ಇರತ್ತೆ. ಜೋಗ ತೆಗೀರಿ, ಇಕ್ಕೇರಿ ದೇವಸ್ಥಾನ ತೆಗೀರಿ, ಫೋನು ಒಂದು ಒತ್ತಿಗೆ ಹಲವಾರು ಫ್ರೇಮ್ ತಗೊಂಡು ಆಕಾಶದ ನೀಲಿ ಒಂದರಿಂದ, ಕಲ್ಲಿನ ನೆರಳು ಇನ್ನೊಂದರಿಂದ ಎತ್ತಿ ಜೋಡಿಸಿ ಕೊಡತ್ತೆ. ಕ್ಯಾಮೆರಾ ಸಾಮಾನ್ಯವಾಗಿ ತಾನಾಗೇ ಹಂಗೆಲ್ಲ ಮಾಡಲ್ಲ, ಆಕಾಶ ಬೆಳ್ಳಗೆ ಸುಟ್ಟಿದ್ರೆ ಸುಟ್ಟಿದ್ದೇ, ರಾ ಫೈಲ್ (ಕ್ಯಾಮೆರಾ ತಿದ್ದದೇ ಕೊಡೋ ಕಚ್ಚಾ ಫೈಲ್) ತೆಗೆದು ಕಂಪ್ಯೂಟರಲ್ಲಿ ಕೂತು ಕೆಲಸ ಮಾಡು ಅನ್ನತ್ತೆ. ಹೊಸಬರಿಗೆ ಅಲ್ಲಿಗೇ ಬೇಜಾರು.

ಹಾಗಾಗಿ ನಾನು ಕೇಳೋದು ಒಂದೇ, ನಿಮ್ಮ ಫೋನು ಎಲ್ಲಿ ಸೋಲ್ತಾ ಇದೆ? ಆ ಜಾಗಕ್ಕೆ ದುಡ್ಡು ಹಾಕಿ. ಮೆಗಾಪಿಕ್ಸೆಲ್ಲಿಗೆ ಬೇಡ, ಬ್ರ್ಯಾಂಡಿಗೂ ಬೇಡ.

ನಮ್ಮ ಕಡೆದೇ ಉದಾಹರಣೆ, ಯಕ್ಷಗಾನ. ಫೋನಿನ ನೈಟ್ ಮೋಡು ಗೋಪುರ, ದೀಪಾಲಂಕಾರ, ನಿಂತಿರೋ ಎಲ್ಲದಕ್ಕೂ ಸೂಪರ್, ಯಾಕಂದ್ರೆ ಅದು ಸುಮಾರು ಹೊತ್ತು ಬೆಳಕು ಕೂಡಿಸ್ತಾ ಇರತ್ತೆ. ಆದ್ರೆ ರಾತ್ರಿ ಒಂದೂವರೆಗೆ ಪುಂಡು ವೇಷದವ್ರು (ಚುರುಕಿನ ಹುಡುಗರ ಪಾತ್ರ) ಧಿಗಿಣ, ಅಂದ್ರೆ ಗಿರಗಿರ ತಿರುಗೋ ಜಿಗಿತ, ಹಾಕ್ತಾ ಇದ್ರೆ ಫೋನಲ್ಲಿ ಬರೋದು ಬಣ್ಣದ ಮೋಡ ಅಷ್ಟೇ, ಕಾಲೆಲ್ಲಿ ಕೈಯೆಲ್ಲಿ ಗೊತ್ತಾಗಲ್ಲ. ಕಿಟ್ ಲೆನ್ಸ್ ಹಾಕಿರೋ ಹೊಸ ಕ್ಯಾಮೆರಾದಲ್ಲೂ ಹೆಚ್ಚುಕಮ್ಮಿ ಅದೇ ಕಥೆ, ಯಾಕಂದ್ರೆ 55ಕ್ಕೆ ಝೂಮ್ ಮಾಡಿದ್ರೆ ಆ ಲೆನ್ಸು ಎಫ್ 5.6ಕ್ಕಿಂತ ಅಗಲಕ್ಕೆ ತೆರೆಯೋದೇ ಇಲ್ಲ (ಎಫ್ ಅಂಕಿ ಸಣ್ಣದಾದಷ್ಟೂ ಲೆನ್ಸಿನ ಬಾಯಿ ಅಗಲ, ಬೆಳಕು ಜಾಸ್ತಿ). ಅದೇ ಬಾಡಿಗೆ ಒಂದು 50 ಎಂಎಂ ಎಫ್ 1.8 ಹಾಕಿ ನೋಡಿ, ಅಂಗೈಲಿ ಮುಚ್ಚೋವಷ್ಟು ಪುಟ್ಟ ಲೆನ್ಸು, ಕ್ಯಾನನ್ ನಿಕಾನ್ ಎರಡರಲ್ಲೂ ಅಗ್ಗದ ಲೆನ್ಸುಗಳಲ್ಲಿ ಒಂದು, ಒಳಗೆ ಬರೋ ಬೆಳಕು ಹತ್ತಿರ ಹತ್ತಿರ 10 ಪಟ್ಟು. ಅಂದ್ರೆ ಕಿಟ್ ಲೆನ್ಸಲ್ಲಿ ಸೆಕೆಂಡಿನ 50ನೇ ಒಂದು ಭಾಗ ಸ್ಪೀಡು ಸಿಗೋ ಕಡೆ ಇದರಲ್ಲಿ 500ನೇ ಒಂದು ಭಾಗ ಸಿಗತ್ತೆ. ಧಿಗಿಣ ಗಾಳಿಲೇ ನಿಲ್ಲತ್ತೆ, ಗೆಜ್ಜೆ ಎಣಿಸಬಹುದು. ಸೆನ್ಸರ್ (ಬೆಳಕು ಹಿಡಿಯೋ ಚಿಪ್ಪು) ಸಣ್ಣದಿರೋ ಬಾಡಿಲಿ ಈ ಲೆನ್ಸು 75-80 ಎಂಎಂ ತರ ಕಾಣೋದ್ರಿಂದ ಮುಂದಿನ ಸಾಲಲ್ಲಿ ಕೂತು ಕ್ಯಾಮೆರಾ ಉದ್ದಕ್ಕೆ ಹಿಡಿದ್ರೆ ಒಂದು ವೇಷ ಮುಂಡಾಸಿಂದ ಪಾದದವರೆಗೂ ಸರಿಯಾಗಿ ಕೂರತ್ತೆ. ಮನೆಲಿ ಓಡಾಡೋ ಮಗು ಇದ್ರೂ ಇದೇ ಲೆನ್ಸು. ಇಷ್ಟಕ್ಕೆ ಮಾಡೆಲ್ ಹೊಸದೇ ಇರ್ಬೇಕು ಅಂತ ಏನೂ ಇಲ್ಲ.

ಹಕ್ಕಿ ಹುಚ್ಚಿನವರ ಕಥೆ ಬೇರೆ. ಅವ್ರಿಗೆ ದೂರ ಬೇಕು. ಮಂಡಗದ್ದೆಲಿ ತುಂಗಾ ನದಿ ನಡುವಿನ ಮರಗಳ ಮೇಲೆ ಬೆಳ್ಳಕ್ಕಿ ಗೂಡು, ಕೊಕ್ಕರೆಬೆಳ್ಳೂರಲ್ಲಿ ಊರೊಳಗಿನ ಮರದಲ್ಲೇ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ, ರಂಗನತಿಟ್ಟಲ್ಲಿ ದೋಣಿಯವ್ರು ಹತ್ತಿರ ಕರ್ಕೊಂಡು ಹೋಗ್ತಾರೆ, ಇಂಥ ಕಡೆ 55-250 ಅಥವಾ 70-300 ಲೆನ್ಸೇ ಆರಾಮ ಸಾಕು. ಹೊಸಬರು ಒಂದೇ ಸಲ 150-600ಕ್ಕೆ ಹಾರ್ತಾರೆ. ಸುಮಾರು 2 ಕೆಜಿ ತೂಕ ಮಾರಾಯ್ರೆ, ಕುತ್ತಿಗೆ ಹೋಗತ್ತೆ, ಸಾಲದ್ದಕ್ಕೆ 600ರಲ್ಲಿ ಎಫ್ 6.3, ಮಲೆನಾಡಿನ ಮಳೆಗಾಲದ ಕಾಡೊಳಗೆ ಆ ಲೆನ್ಸಿಗೆ ಬೆಳಕೇ ಸಾಲಲ್ಲ. ಬೆಂಗ್ಳೂರಲ್ಲಿ ಲೆನ್ಸು ದಿನದ ಬಾಡಿಗೆಗೆ ಸಿಗತ್ತಲ್ಲ, ಒಂದು ಶನಿವಾರ ಭಾನುವಾರ ಹೊತ್ತು ತಿರುಗಿ, ಭುಜ ಏನು ಹೇಳತ್ತೆ ಕೇಳಿ, ಆಮೇಲೆ ಕೊಳ್ಳೋ ಯೋಚನೆ.

ಆಗುಂಬೆ ಕಪ್ಪೆ, ಹುಳ ಹುಪ್ಪಟೆ ಇಷ್ಟ ಅನ್ನೋರಿಗೆ ತೀರಾ ಹತ್ತಿರದಿಂದ ದೊಡ್ಡದಾಗಿ ತೆಗೆಯೋ ಮ್ಯಾಕ್ರೋ ಲೆನ್ಸು, ಫ್ಲ್ಯಾಶು. ಅದೊಂದು ಬೇರೆ ಲೋಕ, ಅಲ್ಲಿಗೆ ನಾನು ಕೈ ಹಾಕಲ್ಲ.

ಈಗ ಬಾಡಿ ವಿಷಯ. ನನ್ನ ಅಭಿಪ್ರಾಯ ಕೆಲವರಿಗೆ ರುಚಿಸಲ್ಲ, ಆದ್ರೂ ಹೇಳ್ತೀನಿ: ಸ್ಟಿಲ್ ಫೋಟೋನೇ ನಿಮ್ಮ ಗುರಿ ಆಗಿದ್ರೆ, ದುಡ್ಡು ಬಿಗಿ ಇದ್ರೆ, ಸೆಕೆಂಡ್ ಹ್ಯಾಂಡ್ ಡಿಎಸ್ಎಲ್ಆರ್ (ಒಳಗೆ ಕನ್ನಡಿ ಇರೋ ಹಳೇ ತರದ ಕ್ಯಾಮೆರಾ) ತಗೊಳ್ಳಿ. 2020ರ ನಂತರ ಕ್ಯಾನನ್ನೂ ನಿಕಾನೂ ಹೊಸ ಡಿಎಸ್ಎಲ್ಆರ್ ಬಿಟ್ಟಿಲ್ಲ, ಎಲ್ರೂ ಮಿರರ್‌ಲೆಸ್ (ಆ ಕನ್ನಡಿ ಇಲ್ಲದ ಹೊಸ ತರದ ಕ್ಯಾಮೆರಾ) ಕಡೆ ಓಡ್ತಾ ಇದಾರೆ, ಓಡೋರು ಬಿಟ್ಟು ಹೋಗಿರೋ ಮಾಲು ಚೆನ್ನಾಗೇ ಇದೆ. ನಿಕಾನ್ ಡಿ7200, ಕ್ಯಾನನ್ 80ಡಿ ಇಂಥವೆಲ್ಲ ಒಂದು ಕಾಲಕ್ಕೆ ನಾವು ಅಂಗಡಿ ಗಾಜಿನಾಚೆ ನಿಂತು ನೋಡ್ತಿದ್ದ ಬಾಡಿಗಳು. ತೇಜಸ್ವಿಯವರು ಮೂಡಿಗೆರೆ ಕಾಡಲ್ಲಿ ಹಕ್ಕಿ ಹಿಂದೆ ಬಿದ್ದಿದ್ದು ಫಿಲ್ಮ್ ಕಾಲದಲ್ಲಿ, ಒಂದು ರೋಲಿಗೆ 36 ಫೋಟೋ, ಹೆಂಗೆ ಬಂತು ಅಂತ ತೊಳೆದ ಮೇಲೇ ಗೊತ್ತಾಗ್ತಿದ್ದಿದ್ದು. ನಮಗೆ ಡಿ7200 ಸಾಲಲ್ಲ ಅಂದ್ರೆ ಹೆಂಗೆ.

ಮಿರರ್‌ಲೆಸ್ ಬೇಡ ಅಂತಲ್ಲ. ಬೆಳಕು ಜಾಸ್ತಿ ಆಯ್ತಾ ಕಮ್ಮಿ ಆಯ್ತಾ ಅಂತ ಕ್ಲಿಕ್ಕಿಸೋ ಮುಂಚೆನೇ ಕಾಣತ್ತೆ, ಹೊಸ ಬಾಡಿಗಳು ಕಣ್ಣು ಹುಡುಕಿ ಫೋಕಸ್ ಹಿಡೀತಾವೆ, ವಿಡಿಯೋ ಅಂತೂ ಹೋಲಿಸೋಕೇ ಆಗಲ್ಲ. ವ್ಲಾಗು, ರೀಲ್ಸು ಮಾಡೋರು ಮೇಲಿನ ಪ್ಯಾರಾ ಮರೆತುಬಿಡಿ. ಆದ್ರೆ ಬಾಡಿ ಮೇಲೇ ದುಡ್ಡೆಲ್ಲ ಖಾಲಿಯಾಗಿ ವರ್ಷಗಟ್ಟಲೆ ಕಿಟ್ ಲೆನ್ಸಲ್ಲೇ ಉಳಿಯೋದು ಇದೆಯಲ್ಲ, ಅದಕ್ಕಿಂತ ಹಳೇ ಬಾಡಿ, ಎರಡು ಒಳ್ಳೆ ಲೆನ್ಸು ಮೇಲು. 60 ಸಾವಿರದಲ್ಲಿ ಬಾಡಿ ಮೇಲೆ ಅರ್ಧ, ಲೆನ್ಸ್ ಮೇಲೆ ಅರ್ಧ ಅಂತ ಮೊದ್ಲೇ ತೆಗೆದಿಟ್ಟು ಆಮೇಲೆ ಹುಡುಕೋಕೆ ಇಳೀರಿ.

ಲೆನ್ಸು ವೇಸ್ಟ್ ಆಗತ್ತೆ ಅನ್ನೋ ಭಯನೂ ಬೇಡ. ಕ್ಯಾನನ್ನಿನ ಡಿಎಸ್ಎಲ್ಆರ್‌ಗೆ ಬರೋ ಇಎಫ್ ಲೆನ್ಸುಗಳು ಅಡಾಪ್ಟರ್ ಹಾಕಿದ್ರೆ ಅದರ ಹೊಸ ಮಿರರ್‌ಲೆಸ್ ಆರ್ ಬಾಡಿಗಳಲ್ಲಿ ಆಟೋಫೋಕಸ್ ಸಮೇತ ನಡೀತಾವೆ. ನಿಕಾನಲ್ಲಿ ಮಾತ್ರ ಸ್ವಲ್ಪ ತಲೆ ಓಡಿಸಬೇಕು. ಡಿ3000, ಡಿ5000 ಸಾಲಿನ ಬಾಡಿಗಳಲ್ಲಿ ಫೋಕಸ್ ಮೋಟರೇ ಇಲ್ಲ, ಹಾಗಾಗಿ ಎಎಫ್-ಡಿ ಅಂತ ಬರೆದಿರೋ ಹಳೇ ಲೆನ್ಸು ಅಗ್ಗಕ್ಕೆ ಸಿಕ್ತು ಅಂತ ತಂದ್ರೆ ಕೈಯಲ್ಲೇ ತಿರುಗಿಸಿ ಫೋಕಸ್ ಮಾಡ್ಬೇಕು. ಎಎಫ್-ಎಸ್ ಅಂತ ಇದೆಯಾ ನೋಡಿ, ಅದ್ರಲ್ಲಿ ಮೋಟರು ಲೆನ್ಸೊಳಗೇ ಇರತ್ತೆ. ಎಎಫ್-ಪಿ ಅಂತ ಇದ್ರೆ ಅದು ಡಿ90 ತರದ ಹಳೇ ಬಾಡಿಲಿ ಫೋಕಸ್ಸೇ ಆಗಲ್ಲ. ಕ್ಯಾನನ್ 3000ಡಿ ಅಂತೂ ಎಷ್ಟೇ ಕಮ್ಮಿಗೆ ಸಿಕ್ರೂ ನಾನಂತೂ ತಗೊಳ್ಳಲ್ಲ, ಲೆನ್ಸು ಕೂರೋ ಮೌಂಟೇ ಪ್ಲಾಸ್ಟಿಕ್ಕು.

ಸೆಕೆಂಡ್ ಹ್ಯಾಂಡ್ ಅಂದ್ರೆ ಮದುವೆ ಸೀಸನ್ ದುಡಿದ ಬಾಡಿಗಳೇ ಜಾಸ್ತಿ ಬರೋದು. ಶಟರ್ ಕೌಂಟ್, ಅಂದ್ರೆ ಇದುವರೆಗೆ ಎಷ್ಟು ಕ್ಲಿಕ್ ಆಗಿದೆ ಅಂತ ಕೇಳಿ, ಅದು ಬೈಕಿನ ಕಿಲೋಮೀಟರ್ ಇದ್ದಂಗೆ. ಡಿ7200ರ ಶಟರ್ 1.5 ಲಕ್ಷ ಕ್ಲಿಕ್ಕಿಗೆ ಟೆಸ್ಟ್ ಆಗಿರೋದು, ಡಿ3500 ಆದ್ರೆ 1 ಲಕ್ಷ. ನಿಕಾನಲ್ಲಿ ಒಂದು ಫೋಟೋ ತೆಗೆದು ಆ ಫೈಲಿನ ಡೀಟೇಲ್ಸಲ್ಲೇ ಕೌಂಟ್ ನೋಡಬಹುದು, ಕ್ಯಾನನ್ ಆದ್ರೆ ಸಾಮಾನ್ಯವಾಗಿ ಕೇಬಲ್ ಹಾಕಿ ಸಾಫ್ಟ್‌ವೇರಲ್ಲಿ ನೋಡ್ಬೇಕು. ಎಫ್ 16ಕ್ಕೆ ಇಟ್ಟು ಬಿಳಿ ಗೋಡೆ ಒಂದು ತೆಗೀರಿ, ಸೆನ್ಸರ್ ಮೇಲಿನ ಧೂಳೆಲ್ಲ ಕಪ್ಪು ಚುಕ್ಕಿಯಾಗಿ ಕಾಣತ್ತೆ. ಧೂಳು ಕ್ಲೀನ್ ಆಗತ್ತೆ, ಗೀರು ಬಿದ್ದಿದ್ರೆ ಹೋಗಲ್ಲ.

ಲೆನ್ಸಿಗೆ ಒಂದು ಕಡೆಯಿಂದ ಮೊಬೈಲ್ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ಜೇಡನ ಬಲೆ ತರ ಎಳೆ ಕಂಡ್ರೆ ಅದು ಫಂಗಸ್ಸು, ವಾಪಸ್ ಕೊಟ್ಟು ಬನ್ನಿ. ಮಲೆನಾಡು, ಕರಾವಳಿ ಕಡೆಯ ಲೆನ್ಸುಗಳಿಗೆ ಇದು ಮಾಮೂಲಿ ರೋಗ, ಜೂನಿಂದ ಸೆಪ್ಟೆಂಬರ್ ತನಕ ಚಪ್ಪಲಿಗೇ ಬೂಷ್ಟು ಬರೋ ಊರಲ್ಲಿ ಗಾಜಿಗೆ ಬರಲ್ವಾ. ಕೊಂಡ ಮೇಲೆ ಬ್ಯಾಗಲ್ಲಿ ಹಾಕಿ ಬೀರುವಲ್ಲಿಡೋದು ಬೇಡವೇ ಬೇಡ. ಡ್ರೈ ಕ್ಯಾಬಿನೆಟ್ ತಗೊಳ್ಳೋಕೆ ಆಗದಿದ್ರೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಂದು ಹಿಡಿ ಸಿಲಿಕಾ ಜೆಲ್, ಒಳಗೆ ತೇವ ತೋರಿಸೋ ಸಣ್ಣ ಮೀಟರು ಸಾಕು, 40ರಿಂದ 50 ಪರ್ಸೆಂಟ್ ಒಳಗಿದ್ರೆ ಆಯ್ತು. ನೀಲಿ ಜೆಲ್ಲು ಗುಲಾಬಿ ಆಯ್ತು ಅಂದ್ರೆ ನೀರು ಕುಡಿದಿದೆ ಅಂತ, ಸಣ್ಣ ಉರಿಲಿ ಬಿಸಿ ಮಾಡಿದ್ರೆ ಮತ್ತೆ ನೀಲಿ ಆಗತ್ತೆ. ಅದಕ್ಕೊಂದು ಹಳೇ ಬಾಣಲೆ ಬೇರೆ ಇಟ್ಕೊಳ್ಳಿ, ನೀಲಿ ಬಣ್ಣಕ್ಕೆ ಹಾಕಿರೋದು ಕೋಬಾಲ್ಟ್, ಅದು ವಿಷ, ಒಗ್ಗರಣೆ ಬಾಣಲೆ ಮಾತ್ರ ಮುಟ್ಟಬೇಡಿ.